ಹೆಣ್ಣುಮಕ್ಕಳಿಗೆ ಅಪಾಯವೆಂದರೆ ಭಯವಂತೆ

ಜಕಾರ್ತದಿಂದ ಬಂದ ವಿದ್ವಾಂಸರು ಬಾಟಿಕ್ ಅಂಗಿ ತೊಟ್ಟು, ನಮ್ಮ ವಿಭಾಗದ ಸಭಾಂಗಣದ ತಂಪಿನಲ್ಲಿ ನಿಂತು, ಪರದೆಯ ಮೇಲೆ ನೀಲಿ ಕಂಬ, ಗುಲಾಬಿ ಕಂಬಗಳನ್ನು ತೋರಿಸುತ್ತ ಒಂದು ಮಾತು ಹೇಳಿದರು. ಫೈನಾನ್ಸ್ ಓದಲು ಹುಡುಗಿಯರು ಕಡಿಮೆ ಬರುತ್ತಾರೆ, ಏಕೆಂದರೆ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಅಪಾಯವೆಂದರೆ ಭಯ. ನೀಲಿ ಕಂಬ ಎತ್ತರ, ಗುಲಾಬಿ ಕಂಬ ಗಿಡ್ಡ. ಅದೇ ಗುಲಾಬಿ ಕಂಬ ಎದುರಿನ ಅಕೌಂಟಿಂಗ್ ವಿಭಾಗಕ್ಕೆ ಹೋದರೆ ನೀಲಿಯನ್ನು ಮೀರಿ ಬೆಳೆಯುತ್ತದೆ. ಬೇರೆಯವರ ಹಣವನ್ನು ಬರೆದಿಡುವುದು ಹೆಣ್ಣಿಗೆ ಒಗ್ಗುತ್ತದಂತೆ. ಆ ಹಣವನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸುವುದು ಒಗ್ಗುವುದಿಲ್ಲವಂತೆ. ಮುಂದಿನ ಸಾಲಿನಲ್ಲಿ ಕುಳಿತ ನಮ್ಮ ಡೀನ್ ಸಾಹೇಬರು ತೂಗಿ ತೂಗಿ ತಲೆಯಾಡಿಸಿದರು. ನಾನು ತಿಂಡಿಯ ಡಬ್ಬಿ ಬಿಚ್ಚಿದವಳು ಹಾಗೆಯೇ ಮುಚ್ಚಿಟ್ಟೆ. ತಿನ್ನುವ ಮನಸ್ಸು ಹೋಗಿತ್ತು.

ನಾನು ನೆಲ್ವಿ. ಪದಾಂಗ್‌ನ ವಿಶ್ವವಿದ್ಯಾಲಯದಲ್ಲಿ ಫೈನಾನ್ಸ್ ಪಾಠ ಮಾಡಿ ತಲೆಗೂದಲು ನೆರೆಸಿಕೊಂಡವಳು. ಆ ವಿದ್ವಾಂಸರನ್ನು ನಿಂತ ನಿಲುವಿನಲ್ಲೇ ರೈಲು ಹತ್ತಿಸಿ ನಮ್ಮೂರು ಪಾರಿಯಾಮನ್‌ಗೆ ಕರೆದೊಯ್ದು, ನನ್ನ ಅಣ್ಣನ ಮಗಳು ವಿಲ್ದಾಳ ಮುಂದೆ ನಿಲ್ಲಿಸಬೇಕು ಎನ್ನಿಸಿತು. ಅಣ್ಣ ನಸ್ರುಲ್ ಕಡಲ ದಂಡೆಯಲ್ಲಿ ಊಟದ ಅಂಗಡಿ ಇಟ್ಟಿದ್ದಾನೆ. ಬಾಳೆ ಎಲೆಯಲ್ಲಿ ಕಟ್ಟಿದ ಹಿಡಿ ಅನ್ನ, ಹುರಿದ ಮೀನು, ಮೆಣಸಿನಕಾಯಿ ಗೊಜ್ಜು. ನಮ್ಮ ಜನಕ್ಕೆ ಮೆಣಸಿನಕಾಯಿ ಇಲ್ಲದೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ, ಅದರ ಬೆಲೆ ಏರಿದರೆ ಊರಿಗೆ ಊರೇ ಕಂಗಾಲು. ಹೋದ ವರ್ಷ ಬೆಲೆ ನೆಲಕಚ್ಚಿ ಬೆಳೆದವರು ರಸ್ತೆ ಬದಿಯಲ್ಲಿ ಸುರಿದು ಹೋಗುತ್ತಿದ್ದಾಗ, ವಿಲ್ದಾ ಕಿವಿಯ ಓಲೆ ಅಡವಿಟ್ಟು ಮೂಟೆಗಟ್ಟಲೆ ಕೊಂಡಳು. ಅರೆದಳು, ಎಣ್ಣೆಯಲ್ಲಿ ಕುದಿಸಿದಳು, ಡಬ್ಬಿಗಳಲ್ಲಿ ತುಂಬಿಟ್ಟಳು. ಅಂಗೈ ಉರಿ ತಾಳಲಾರದೆ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ಹುಚ್ಚು ಹುಡುಗಿ ಎಂದು ಓಣಿಯೆಲ್ಲ ನಕ್ಕಿತು. ಹಬ್ಬದ ಮುಂಚೆ ಮಳೆ ಹಿಡಿಯಿತು, ಬೆಲೆ ಮಾಳಿಗೆ ಹತ್ತಿತು. ಉಳಿದ ಅಂಗಡಿಯವರೆಲ್ಲ ಗೊಜ್ಜಿಗೆ ಟೊಮೇಟೊ ಬೆರೆಸುತ್ತಿದ್ದಾಗ ಅಣ್ಣನ ಅಂಗಡಿಯಲ್ಲಿ ಮಾತ್ರ ಅಪ್ಪಟ ಕೆಂಪು. ಓಲೆ ಮತ್ತೆ ಕಿವಿಗೆ ಬಂತು, ಅಂಗಡಿಗೆ ಹೊಸ ಫ್ರಿಜ್ ಬಂತು. ಇವಳಿಗೆ ಅಪಾಯವೆಂದರೆ ಭಯವಂತೆ. ಥೂ.

ಈ ಹುಡುಗಿ ನಮ್ಮ ವಿಭಾಗಕ್ಕೆ ಪ್ರವೇಶ ಪರೀಕ್ಷೆ ಬರೆದು ಹೋದ ವರ್ಷವೇ ಪಾಸಾಗಿದ್ದಳು. ಮನೆಯವರು ಕಳಿಸಲಿಲ್ಲ. ಈ ವರ್ಷ ಯಾರಿಗೂ ಹೇಳದೆ ಮತ್ತೆ ಬರೆದಳು, ಮತ್ತೆ ಪಾಸಾದಳು. ಮೂರನೇ ಅವಕಾಶ ಇಲ್ಲ. ಜುಲೈ ತಿಂಗಳ ಕೊನೆಯೊಳಗೆ ಬರುತ್ತೇನೆಂದು ಖಚಿತಪಡಿಸದಿದ್ದರೆ ಸೀಟು ಬೇರೆಯವರಿಗೆ. ಸೆಮಿನಾರು ಮುಗಿದದ್ದೇ ನಾನು ರೈಲು ಹಿಡಿದೆ, ಮರುದಿನ ವಿಲ್ದಾಳ ಮನೆಯಲ್ಲಿ ಈ ವಿಷಯದ ಪಂಚಾಯಿತಿ ಇತ್ತು.

ಪಂಚಾಯಿತಿ ಏಕೆಂದರೆ ನಮ್ಮಲ್ಲಿ ಕುಲ ತಾಯಿಯದು, ಮನೆ ತಾಯಿಯದು, ಗದ್ದೆ ತಾಯಿಯದು. ಎಲ್ಲವೂ ಮಗಳಿಂದ ಮಗಳಿಗೆ. ಕೇಳಿದವರು ಎಂಥ ಪುಣ್ಯವಂತ ಹೆಂಗಸರು ಎಂದುಕೊಳ್ಳುತ್ತಾರೆ. ಆದರೆ ಅದರ ಬಗ್ಗೆ ಮಾತಾಡುವ ಬಾಯಿ ಮಾತ್ರ ತಾಯಿಯ ತಮ್ಮನದು. ಅಪ್ಪನೆಂಬುವನು ಹೆಂಡತಿಯ ಮನೆಯಲ್ಲಿ ಊಟ ಮಾಡಿ ಮಲಗುವ ಅತಿಥಿ. ಅಪ್ಪನ ತಂಗಿಯಾದ ನಾನು ವಿಲ್ದಾಳಿಗೆ ‘ಬಾಕೊ’. ಬಾಕೊ ಬಂದರೆ ಚಾಪೆ ಹಾಸುತ್ತಾರೆ, ಒಳ್ಳೆಯ ತಟ್ಟೆಯಲ್ಲಿ ಬಡಿಸುತ್ತಾರೆ. ಮಾತಾಡಲು ಬಿಡುವುದಿಲ್ಲ.

ವಿಲ್ದಾಳ ಸೋದರಮಾವ, ‘ಬಾಗಿಂದೊ’ ಎಂಬ ಬಿರುದಿನ ಶಾಫ್ನಿಲ್, ಗೋಡೆಗೆ ಒರಗಿ ಕುಳಿತಿದ್ದ. ಅತ್ತಿಗೆ ಯುಸ್ನಿಮಾರ್, ಆ ಮನೆಯ, ಆ ಗದ್ದೆಯ ಒಡತಿ, ತಮ್ಮನಿಗೆ ಕಾಫಿ ತಂದಿಟ್ಟು ಬಾಗಿಲ ಮರೆಗೆ ಸರಿದಳು. ಅಣ್ಣ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ. ವಿಲ್ದಾಳ ತಮ್ಮ ರೊನಾಲ್ದಿ ಅಪ್ಪನ ಪಕ್ಕ. ಆ ಹುಡುಗ ಅದೇ ವರ್ಷ ಶಾಲೆ ಮುಗಿಸಿದ್ದ, ಯಾವ ಸರ್ಕಾರಿ ಕಾಲೇಜಿನ ಪರೀಕ್ಷೆಯಲ್ಲೂ ಪಾಸಾಗಿರಲಿಲ್ಲ.

"ಓದೋದು ಬೇಡ ಅಂತ ನಾನೆಲ್ಲಿ ಅಂದೆ?" ಎಂದು ಶಾಫ್ನಿಲ್ ಶುರುಮಾಡಿದ. "ಅಕೌಂಟಿಂಗ್‌ನಲ್ಲಿ ಒಂದು ವರ್ಷದ ಡಿಪ್ಲೊಮಾ ಮಾಡ್ಲಿ. ಹುಡುಗೀರ್ಗೆ ಅದು ಚೆಂದ. ಫೈನಾನ್ಸ್ ರೊನಾಲ್ದಿ ಓದ್ಲಿ. ಜಕಾರ್ತದಲ್ಲಿ ಒಂದು ಖಾಸಗಿ ಕಾಲೇಜು ನೋಡಿದ್ದೀನಿ, ದುಡ್ಡು ಕಟ್ಟಿದ್ರೆ ಸೀಟು."

"ಮಾವ, ನಂಗೆ ಬಡ್ಡಿ ಲೆಕ್ಕ ಅಂದ್ರೆ ಜ್ವರ ಬರುತ್ತೆ," ಎಂದ ರೊನಾಲ್ದಿ. "ನಾನು ಅಪ್ಪನ ಅಂಗಡೀಲೇ ಇರ್ತೀನಿ. ಅಕ್ಕ ಹೋಗ್ಲಿ ಬಿಡಿ."

"ಮೀನು ಹುರಿಯೋ ಗಂಡಿಗೆ ಯಾವ ಮನೆಯೋರು ದುಡ್ಡು ಕೊಡ್ತಾರೋ ಬೆಪ್ಪೇ?"

ಪಾರಿಯಾಮನ್‌ನಲ್ಲಿ ಹೆಣ್ಣಿನ ಕಡೆಯವರೇ ಹಣ ಕೊಟ್ಟು ಗಂಡನ್ನು ಮನೆಗೆ ಕರೆತರಬೇಕು. ಮೀನು ಹುರಿಯುವವನಿಗೆ ಇಷ್ಟು, ಮೇಷ್ಟರಿಗೆ ಇಷ್ಟು, ಬ್ಯಾಂಕಿನವನಿಗೆ ಇಷ್ಟು ಎಂದು ಎಲ್ಲರಿಗೂ ಗೊತ್ತಿದೆ. ಅದರಲ್ಲಿ ಒಂದು ಭಾಗ ಗಂಡಿನ ಮನೆಯವರಿಗೆ ಹೋದರೆ ಹೋಯಿತು, ಏನಾದರೂ ವಾಪಸಿಲ್ಲ. ಅದರ ಹೆಸರೇ ‘ಕಳೆದ ಹಣ’. ಇಷ್ಟು ಪ್ರಾಮಾಣಿಕವಾದ ಹೆಸರು ನನ್ನ ಪಠ್ಯಪುಸ್ತಕಗಳಲ್ಲಿ ಎಲ್ಲೂ ಸಿಕ್ಕಿಲ್ಲ.

"ನೀನೇ ಲೆಕ್ಕ ಹಾಕು ಅಕ್ಕಾ," ಎಂದ ಶಾಫ್ನಿಲ್, ಬಾಗಿಲ ಮರೆಯ ಕಡೆ ತಿರುಗಿ. "ಹುಡುಗಿ ಫೈನಾನ್ಸ್ ಓದಿದ್ಲು ಅಂತಿಟ್ಕೋ. ಆಮೇಲೆ ಗಂಡು ಎಂಥೋನು ಬೇಕು? ಇವಳಿಗಿಂತ ಒಂದು ಮೆಟ್ಲು ಮೇಲಿರೋನು. ಅವ್ರು ಎಷ್ಟು ಬಾಯಿ ಬಿಡ್ತಾರೆ? ಓದ್ಸೋಕೆ ಒಂದ್ಸಲ ಖರ್ಚು, ಓದ್ಸಿದ ತಪ್ಪಿಗೆ ಇನ್ನೊಂದ್ಸಲ ಖರ್ಚು. ಅದೇ ರೊನಾಲ್ದಿ ಓದಿದ್ರೆ ಒಂದೇ ಸಲ. ಬ್ಯಾಂಕಲ್ಲಿ ಕೂತ ಅಂದ್ರೆ ಹೆಣ್ಣಿನ ಮನೆಯೋರು ತಾವಾಗೇ ಗಂಟು ಹೊತ್ಕೊಂಡು ಬಾಗಿಲಿಗೆ ಬರ್ತಾರೆ. ಹಾಕಿದ್ದೆಲ್ಲಾ ವಾಪಸ್. ಹೌದೋ ಅಲ್ವೋ?"

ಹೂಡಿಕೆ, ಲಾಭ, ಅವಧಿ ಎಲ್ಲವನ್ನೂ ಇಷ್ಟು ಚೊಕ್ಕವಾಗಿ ಹೇಳಿದ ವಿದ್ಯಾರ್ಥಿಯನ್ನು ನಾನು ತರಗತಿಯಲ್ಲಿ ಕಂಡಿಲ್ಲ. ತಪ್ಪು ಹುಡುಕಿದೆ, ಸಿಗಲಿಲ್ಲ. ನಾನು ಇಷ್ಟಪಟ್ಟು ಓದಿದ, ಇಷ್ಟಪಟ್ಟು ಕಲಿಸುವ ವಿದ್ಯೆಯನ್ನು ಯಾರೋ ಚರಂಡಿಯಲ್ಲಿ ಅದ್ದಿ ತೆಗೆದು ನನ್ನ ಕಣ್ಣೆದುರು ಹಿಡಿದ ಹಾಗಿತ್ತು. ಜಕಾರ್ತದ ವಿದ್ವಾಂಸರ ಗುಲಾಬಿ ಕಂಬ ಏಕೆ ಗಿಡ್ಡ ಎನ್ನುವುದಕ್ಕೆ ಉತ್ತರ ಇಲ್ಲಿ ಕಾಫಿ ಹೀರುತ್ತ ಕುಳಿತಿತ್ತು.

ಬಾಯಿ ತೆರೆಯಬಾರದಾಗಿತ್ತು, ತೆರೆದೆ. "ಬಾಗಿಂದೊ, ವಿಲ್ದಾಗೆ ಸಿಕ್ಕಿರೋದು ಸರ್ಕಾರಿ ಸೀಟು. ಅಲ್ಪ ಸ್ವಲ್ಪ ಫೀಸು. ಅದನ್ನ ನಾನು ಕಟ್ತೀನಿ. ಊಟ ವಸತಿ ನನ್ ಜೊತೇನೇ."

ಶಾಫ್ನಿಲ್ ಲೋಟ ಕೆಳಗಿಟ್ಟ. "ಮೇಡಮ್ಮೋರು ದೊಡ್ಡ ಮನಸ್ಸು ಮಾಡಿದ್ರು. ನಾಳೆ ಕಾಫಿ ಅಂಗಡೀಲಿ ಏನಂತಾರೆ? ಶಾಫ್ನಿಲ್ ಸತ್ತಿದ್ದಾನೆ, ಅವನ ಅಕ್ಕನ ಮಗಳನ್ನ ಬಾಕೊ ಸಾಕ್ತಿದ್ದಾಳೆ ಅಂತಾರೆ. ನಿಮ್ಮನ್ನೇ ನೋಡಿ ಮೇಡಂ, ನಿಮ್ಮ ಮನೆಯೋರು ನಿಮಗೆ ಡಾಕ್ಟರೇಟು ಮಾಡಿಸಿದ್ರು. ಆಮೇಲೆ ನಿಮ್ಮ ಸಮಕ್ಕೆ ಗಂಡು ತರೋಕೆ ಅವ್ರ ಕೈಲಿ ಆಯ್ತಾ?"

ಅಡುಗೆಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಹೆಂಗಸಿನದು. ಅದನ್ನು ನಾನು ಇಂದಿಗೂ ಮರೆತಿಲ್ಲ.

ವಿಲ್ದಾ ತಲೆ ತಗ್ಗಿಸಿ ಕುಳಿತಿದ್ದಳು. ಹೊರಗೆ ಬಂದಾಗ, "ಅಮ್ಮ ಒಂದು ಸಲ ಹೂಂ ಅಂದ್ರೆ ಸಾಕು ಅತ್ತೆ," ಎಂದಳು. "ಮಾವ ಬೈಯ್ಲಿ, ಹೊಡೀಲಿ. ಅಮ್ಮ ಹೂಂ ಅನ್ನದೆ ಹೋದ್ರೆ ನನ್ ಕಾಲೇ ಬರಲ್ಲ."

ರೊನಾಲ್ದಿಯ ಖಾಸಗಿ ಕಾಲೇಜಿಗೆ ದೊಡ್ಡ ಮೊತ್ತ ಬೇಕಿತ್ತು. ಗದ್ದೆ ಅಡವಿಡದೆ ಹುಟ್ಟುವಂಥದ್ದಲ್ಲ. ಕುಲದ ಗದ್ದೆಯನ್ನು ಕಂಡಕಂಡದ್ದಕ್ಕೆಲ್ಲ ಅಡವಿಡುವಂತಿಲ್ಲ. ಮನೆಯಲ್ಲಿ ಹೆಣ ಬಿದ್ದಿದ್ದರೆ, ಮನೆಯ ಸೂರು ಸೋರುತ್ತಿದ್ದರೆ, ಕುಲದ ಖಾಲಿ ಬಿದ್ದ ಯಜಮಾನಿಕೆಗೆ ಹೊಸಬನನ್ನು ಕೂರಿಸಬೇಕಿದ್ದರೆ, ಇಲ್ಲವೇ ಬೆಳೆದ ಹುಡುಗಿಗೆ ಗಂಡ ಸಿಗದೆ ಮನೆಯಲ್ಲಿ ಉಳಿದಿದ್ದರೆ ಮಾತ್ರ ಅಡವಿಡಬಹುದು. ಹುಡುಗನ ಫೈನಾನ್ಸ್ ಓದು ಇದರಲ್ಲಿ ಎಲ್ಲೂ ಇಲ್ಲ. ಯಾರೂ ಸತ್ತಿರಲಿಲ್ಲ, ಸೂರು ಗಟ್ಟಿಯಾಗಿತ್ತು. ಶಾಫ್ನಿಲ್ ಯೋಚಿಸಿ ನೋಡಿದ. ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳು ಇದ್ದಳಲ್ಲ.

ಗದ್ದೆ ಅಡವಿನ ಮಾತುಕತೆಗೆ ಕುಲದ ಯಜಮಾನ ದಾತುಕ್ ಬಂದರು. ಅಡವು ಹಿಡಿಯುವ ಜವಳಿ ಅಂಗಡಿಯ ಹಾಜಿ ಬಂದರು. ನಾನೂ ಹೋಗಿದ್ದೆ, ಅಂಟಕ್ಕಿಯ ಕಡುಬು ಹೊತ್ತು. ಕಡುಬು ಹೊತ್ತು ಬಂದ ಬಾಕೊಳನ್ನು ಹೊರಗೆ ಕೂರಿಸುವಂತಿಲ್ಲ.

ಶಾಫ್ನಿಲ್ ಗಂಟಲು ಸರಿಮಾಡಿಕೊಂಡು ಹೇಳಿದ. "ದಾತುಕ್, ಹುಡುಗಿ ಬೆಳ್ದಿದ್ದಾಳೆ. ಗಂಡ ಇಲ್ಲ. ನಮಗೆ ತಲೆ ಎತ್ತಿ ಓಡಾಡೋಕೆ ಆಗ್ತಿಲ್ಲ. ಗದ್ದೆ ಅಡ ಇಟ್ಟು ಒಂದು ದಾರಿ ಮಾಡೋಣ ಅಂತ."

ಸುಳ್ಳು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ದಾತುಕ್‌ಗೂ ಗೊತ್ತಿತ್ತು, ಹಾಜಿಗೂ ಗೊತ್ತಿತ್ತು. ಇಂಥ ಸುಳ್ಳು ಹೇಳಿ ಅಡವಿಟ್ಟ ಗದ್ದೆಗಳು ಊರಿನಲ್ಲಿ ಎಷ್ಟೋ ಇವೆ. ಯಾವುದೋ ಹುಡುಗಿಗೆ ಗಂಡ ಇಲ್ಲ ಎನ್ನುವುದು, ಆ ಹಣದಲ್ಲಿ ಲಾರಿ ಕೊಳ್ಳುವುದು. ಗಂಭೀರವಾಗಿ ಮುಖ ಮಾಡಿಕೊಂಡು ಎಲ್ಲರೂ ಹುಡುಗಿಯ ಮೈಯನ್ನು ನೆಪ ಮಾಡಿಕೊಳ್ಳುವುದು. ನನ್ನ ಬಾಯಲ್ಲಿದ್ದ ಕಡುಬು ಕಹಿಯಾಯಿತು. ಕೈವಸ್ತ್ರದಲ್ಲಿ ಉಗಿದು ಮಡಚಿಟ್ಟುಕೊಂಡೆ.

ಗದ್ದೆ ಹೆಂಗಸರದಾದ್ದರಿಂದ ಒಪ್ಪಿಗೆ ಕೇಳುವ ಶಾಸ್ತ್ರ ಇದೆ. ಕುಲದ ಹೆಂಗಸರನ್ನು ದಾತುಕ್ ಹಿರಿತನದ ಪ್ರಕಾರ ಕೇಳುತ್ತ ಬಂದರು. ಮುದುಕಿಯೊಬ್ಬಳು ಹೂಂ ಎಂದಳು. ಅತ್ತಿಗೆ ಯುಸ್ನಿಮಾರ್, "ತಮ್ಮ ಹೇಳ್ದಂಗೆ," ಎಂದಳು. ಅತ್ತಿಗೆಯ ತಂಗಿಯೂ ಹಾಗೇ ಅಂದಳು. ಅಲ್ಲಿಗೆ ಮುಗಿಯಿತೆಂದು ಶಾಫ್ನಿಲ್ ಹಾಜಿಯ ಕಡೆ ತಿರುಗಿದ.

"ದಾತುಕ್, ನಾನೂ ಇದ್ದೀನಿ," ಎಂದಳು ವಿಲ್ದಾ.

ಎಲ್ಲರೂ ತಿರುಗಿ ನೋಡಿದರು. ನಿಜವೇ. ಹತ್ತೊಂಬತ್ತು ತುಂಬಿದ ಅವಳೂ ಆ ಗದ್ದೆಯ ಒಡತಿಯರಲ್ಲಿ ಒಬ್ಬಳು. ಗಂಡ ಸಿಗದಷ್ಟು ಬೆಳೆದಿದ್ದಾಳೆ ಎಂದು ಹೇಳಿದ ಮಾವನಿಗೆ, ಒಪ್ಪಿಗೆ ಕೇಳಬೇಕಾದಷ್ಟು ಬೆಳೆದಿದ್ದಾಳೆ ಎನ್ನುವುದು ಹೊಳೆದೇ ಇರಲಿಲ್ಲ.

"ನಿಂದೂ ಒಪ್ಪಿಗೆ ತಾನೇ ಮಗಳೇ?" ಎಂದು ದಾತುಕ್ ನಕ್ಕರು.

"ಒಪ್ಪಿಗೆ. ಆದ್ರೆ ಗದ್ದೆ ಅಡ ಇಡ್ತಿರೋದು ನನ್ ಮದುವೆಗೆ ಅಂತ ಮಾವಾನೇ ಅಂದ್ರು. ಹಾಗಾದ್ರೆ ದುಡ್ಡು ಅಮ್ಮನ ಕೈಗೆ ಬರ್ಲಿ. ಮದುವೆಗೇ ಖರ್ಚಾಗ್ಲಿ, ಬೇರೆ ಒಂದು ಕಾಸಿಗೂ ಬೇಡ. ಆ ಮಾತು ಎಲ್ರ ಮುಂದೆ ಆಗ್ಲಿ. ಇಲ್ದೆ ಹೋದ್ರೆ ಗದ್ದೆ ಹಾಗೇ ಇರ್ಲಿ."

ನನ್ನ ಎದೆ ಹಿಗ್ಗಿತು. ಹುಡುಗಿಯ ಎಣಿಕೆ ನನಗೆ ಅರ್ಥವಾಯಿತು. ಹಣ ರೊನಾಲ್ದಿಯ ಕಾಲೇಜಿಗೆ ಹೋಗದು ಎಂದಾದರೆ ಮಾವ ಅಡವಿನ ಮಾತನ್ನೇ ಬಿಡುತ್ತಾನೆ. ಗದ್ದೆ ಉಳಿಯುತ್ತದೆ, ತಮ್ಮ ಅಪ್ಪನ ಅಂಗಡಿಯಲ್ಲಿ ಉಳಿಯುತ್ತಾನೆ, ಆಮೇಲೆ ಅಮ್ಮನನ್ನು ಒಲಿಸಿಕೊಳ್ಳಬಹುದು. ಮೆಣಸಿನಕಾಯಿ ಕೊಂಡಾಗಲೂ ಅವಳು ಹೀಗೆಯೇ ನಾಲ್ಕು ಹೆಜ್ಜೆ ಮುಂದೆ ನೋಡಿದ್ದಳು.

ದಾತುಕ್ ಗಡ್ಡ ಸವರಿಕೊಂಡರು. "ಹುಡುಗಿ ಕುಲದ ರೀತಿಯನ್ನೇ ಹೇಳ್ತಿದ್ದಾಳೆ ಶಾಫ್ನಿಲ್. ಏನಂತೀಯಾ?"

ಶಾಫ್ನಿಲ್‌ನ ಮುಖ ಕಪ್ಪಿಟ್ಟಿತು. ಹಾಜಿ ಮೀಸೆಯಡಿಯಲ್ಲಿ ನಗುತ್ತಿದ್ದರು. ಹಾಜಿ ಕಂಡದ್ದು ಸಂಜೆಯೊಳಗೆ ಇಡೀ ಪೇಟೆಗೆ ಗೊತ್ತಾಗುತ್ತದೆ. ಶಾಫ್ನಿಲ್ ತಲೆ ಎತ್ತಿದ.

"ಆಗ್ಲಿ ದಾತುಕ್. ಮದುವೆಗೇ. ಗಂಡು ಆಗ್ಲೇ ನೋಡಾಗಿದೆ. ಈ ತಿಂಗಳಲ್ಲೇ ಮುಗಿಸ್ತೀನಿ."

ಯಾವ ಗಂಡೂ ಇರಲಿಲ್ಲ. ಅದನ್ನು ಅವನು ಅಲ್ಲೇ, ಆ ಕ್ಷಣದಲ್ಲಿ, ಮಾನ ಉಳಿಸಿಕೊಳ್ಳಲು ಹುಟ್ಟಿಸಿದ. ವಿಲ್ದಾಳ ಎಣಿಕೆಯಲ್ಲಿ ಒಂದೇ ಒಂದು ಬಿಟ್ಟುಹೋಗಿತ್ತು. ಈ ಜನ ಸಿಕ್ಕಿಬಿದ್ದರೆ ಸುಳ್ಳನ್ನು ಬಿಡುವುದಿಲ್ಲ, ಸುಳ್ಳನ್ನು ನಿಜ ಮಾಡಲು ಹುಡುಗಿಯನ್ನು ಬಿಟ್ಟುಕೊಡುತ್ತಾರೆ. ಅವಳು ನನ್ನ ಕಡೆ ನೋಡಿದಳು. ನಾನು ಬಾಕೊ, ಬಾಯಿ ಮುಚ್ಚಿ ಕುಳಿತಿದ್ದೆ.

ನಾನು ಅಡುಗೆಮನೆಗೆ ಹೋಗಿ ಅತ್ತಿಗೆಯ ಕೈ ಹಿಡಿದೆ. "ಅತ್ತಿಗೆ, ಗದ್ದೆ ನಿಮ್ಮದು, ಮಗಳು ನಿಮ್ಮವಳು. ಒಂದೇ ಒಂದು ಸಲ ಬೇಡ ಅನ್ನಿ. ಅವ್ರು ಏನೂ ಮಾಡೋಕಾಗಲ್ಲ."

ಯುಸ್ನಿಮಾರ್ ತೆಂಗಿನಹಾಲು ಹಿಂಡುತ್ತಿದ್ದಳು. "ನಾನು ಬೇಡ ಅಂದ್ರೆ ತಮ್ಮ ನಾಳೆ ಯಾವ ಮುಖ ಹೊತ್ಕೊಂಡು ಪೇಟೆಗೆ ಹೋಗ್ತಾನೆ ನೆಲ್ವಿ?"

"ನಿಮ್ಮ ಮಗಳ ಮುಖ?"

"ಹೆಣ್ಣುಮಕ್ಳ ಮುಖಕ್ಕೇನು, ಮದುವೆ ಆದ್ರೆ ಸರಿಹೋಗುತ್ತೆ." ಇಷ್ಟು ಹೇಳಿ ಹಿಪ್ಪೆಯನ್ನು ಕೋಳಿಗಳಿಗೆ ಎಸೆದಳು. ಶಾಫ್ನಿಲ್ ಮೇಲೆ ಬಂದ ಸಿಟ್ಟಿಗಿಂತ ದೊಡ್ಡ ಅಸಹ್ಯ ನನಗೆ ಆ ಗಳಿಗೆ ಅವಳ ಮೇಲೆ ಬಂತು. ಅಧಿಕಾರವನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು, ಗಂಟು ಬಿಚ್ಚಲು ತಮ್ಮನ ಅಪ್ಪಣೆ ಕಾಯುವ ಹೆಂಗಸು.

ವಾರ ಕಳೆಯುವುದರೊಳಗೆ ಗಂಡು ಸಿಕ್ಕಿದ. ಮದುವೆ ಮಾತಿಗೆ ಬಂದವನನ್ನು ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ ಡೆಫ್ರಿಜಾಲ್! ಫೈನಾನ್ಸ್ ಪದವಿಯನ್ನು ಕುಂಟುತ್ತ ತೆವಳುತ್ತ ಮುಗಿಸಿ, ಬೈಕುಗಳಿಗೆ ಸಾಲ ಕೊಡುವ ಕಂಪನಿಯಲ್ಲಿ ಕೆಲಸಕ್ಕಿದ್ದ. ಕಂತು ಕಟ್ಟದವರ ಬೈಕು ಎಳೆದು ತರುವವರ ಉಸ್ತುವಾರಿ. ಅವನ ತಾಯಿ ಕುಳಿತಲ್ಲಿಂದಲೇ, "ನಮ್ಮ ಹುಡುಗ ಫೈನಾನ್ಸು," ಎಂದು ಮೂರು ಸಲ ಹೇಳಿದಳು. ಪ್ರತಿ ಸಲ ಹೇಳಿದಾಗಲೂ ಮೊತ್ತ ಒಂದಿಷ್ಟು ಮೇಲೆ ಹೋಯಿತು. ವಿಲ್ದಾಳನ್ನು ಕರೆದು ಟೀ ಕೊಡಿಸಿದರು. ಅವಳ ಅಂಗೈಯಲ್ಲಿ ಮೆಣಸಿನ ಉರಿಯ ಕಲೆ ಇನ್ನೂ ಹೋಗಿರಲಿಲ್ಲ.

ಹೊರಗೆ ಸಿಗರೇಟು ಸೇದುತ್ತಿದ್ದ ಡೆಫ್ರಿಜಾಲ್ ನನ್ನನ್ನು ಕಂಡು ಅದನ್ನು ಹೊಸಕಿ ಹಾಕಿದ. "ಮೇಡಂ, ನಾನೇನ್ ಮಾಡ್ಲಿ, ಅಮ್ಮ ಹೇಳಿದ್ದು," ಎಂದ. ಮತ್ತೆ ಹಲ್ಲು ಬಿಟ್ಟ. "ನೀವು ಪಾಠ ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು ಅಲ್ವಾ ಮೇಡಂ?"

ಮನೆಗೆ ಬಂದು ನಾನು ಎರಡು ಸಲ ಸ್ನಾನ ಮಾಡಿದೆ.

ಹಾಜಿ ಕೊಟ್ಟ ಹಣ ಗಂಡಿನ ಮನೆಗೆ ಹೋಯಿತು. ‘ಕಳೆದ ಹಣ’ ಕಳೆಯಿತು. ರೊನಾಲ್ದಿಯ ಕಾಲೇಜೂ ಇಲ್ಲ, ವಿಲ್ದಾಳ ಕಾಲೇಜೂ ಇಲ್ಲ. ಗದ್ದೆ ಇಟ್ಟು ಒಬ್ಬ ಬೈಕು ಎಳೆಯುವವನನ್ನು ಕೊಂಡರು. ಮದುವೆ ಜುಲೈ ಕೊನೆಯ ಭಾನುವಾರ. ವಿಭಾಗದಲ್ಲಿ ಪ್ರವೇಶ ಖಚಿತಪಡಿಸಲು ಕೊನೆಯ ದಿನ ಅದರ ಹಿಂದಿನ ದಿನ ಶನಿವಾರ, ಸಂಜೆಯವರೆಗೆ.

ಆದರೆ ಶಾಫ್ನಿಲ್ ಒಂದು ಮರೆತಿದ್ದ. ಮದುವೆಯ ಹಿಂದಿನ ದಿನ ಹೆಣ್ಣನ್ನು ಬಾಕೊ ಮನೆಗೆ ಕಳಿಸಬೇಕು. ಬಾಕೊ ಅವಳಿಗೆ ಜರಿಬಟ್ಟೆ ಉಡಿಸಿ, ತಲೆಗೆ ಚಿನ್ನದ ಬಣ್ಣದ ಭಾರಿ ಕಿರೀಟ ಕಟ್ಟಿ, ಡೋಲು ಬಡಿಸಿಕೊಂಡು ಬೀದಿಯಲ್ಲಿ ಮೆರೆಸಿ ತಾಯಿಮನೆಗೆ ತಂದು ಬಿಡಬೇಕು. ಇದು ತಪ್ಪಿದರೆ ಮದುವೆಗೆ ಮರ್ಯಾದೆ ಇಲ್ಲ. ಮಾತಿಲ್ಲದ ಬಾಕೊಗೆ ರೀತಿ ಕೊಟ್ಟ ಒಂದೇ ಒಂದು ಕೆಲಸ ಅದು. ಹೀಗೆ ಅವರು ತಾವೇ, ಡೋಲಿನವರ ಜೊತೆ, ಹುಡುಗಿಯನ್ನು ತಂದು ನನ್ನ ಕೈಗೆ ಕೊಟ್ಟು ಹೋದರು.

ನಮ್ಮ ತಾಯಿಮನೆಯ ನಡುಮನೆಯಲ್ಲಿ ಜರಿಬಟ್ಟೆ ಹರಡಿತ್ತು. ಮಂಚದ ಮೇಲೆ ಕಿರೀಟ. ವಿಲ್ದಾ ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟಳು. ನನ್ನ ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು. ನಾನು ಏನೂ ಹೇಳಿರಲಿಲ್ಲ. ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ ಎನ್ನುವುದೇ ನಿಜ.

ಅಷ್ಟರಲ್ಲಿ ಅಣ್ಣ ನಸ್ರುಲ್ ಒಳಗೆ ಬಂದ. ಅಂಗಡಿಯಿಂದ ನೇರ ಬಂದಿದ್ದ, ಮೈಯೆಲ್ಲ ಮೀನಿನ ವಾಸನೆ. ಈ ಮನೆಯಲ್ಲಿ ಅವನು ಅತಿಥಿಯಲ್ಲ, ಇದು ಅವನು ಹುಟ್ಟಿದ ಮನೆ. ಬಾಗಿಲು ಹಾಕಿ ಅಗುಳಿ ಜಡಿದ.

"ನೆಲ್ವಿ, ನಾಳೆ ನಿಕಾಹ್‌ನಲ್ಲಿ ಹುಡುಗೀನ ಕೊಡೋನು ನಾನು ತಾನೆ? ಅವಳ ಮಾವ ಅಲ್ಲ ತಾನೆ?"

"ನೀನೇ ಅಣ್ಣ. ಧರ್ಮದ ಪ್ರಕಾರ ಅಪ್ಪನೇ ಕೊಡ್ಬೇಕು."

"ಹಾಗಾದ್ರೆ ನನ್ ಕೈ ಬರಲ್ಲ," ಎಂದ. ಮಗಳ ಕಡೆ ತಿರುಗಿದ. "ಅದೇನೋ ಗುಂಡಿ ಒತ್ತೋದಿದೆಯಂತಲ್ಲ, ಒತ್ತು."

ವಿಲ್ದಾ ಮೇಜಿನ ಮುಂದೆ ಕುಳಿತು, ಪ್ರವೇಶ ಖಚಿತಪಡಿಸುವ ಪುಟ ತೆರೆದಳು. ಹೆಸರು ತುಂಬಿದಳು, ಊರು ತುಂಬಿದಳು. ಕೊನೆಯ ಗುಂಡಿಯ ಹತ್ತಿರ ಬಂದು ನಿಂತಳು.

"ಗದ್ದೆ ಹೋಗುತ್ತೆ ಅತ್ತೆ. ಹಾಜಿಯಿಂದ ಬಿಡಿಸಿಕೊಳ್ಳೋಕೆ ಎಷ್ಟು ವರ್ಷ ಬೇಕೋ. ಅಮ್ಮ ಮನೆಗೆ ಸೇರಿಸಲ್ಲ. ಅಪ್ಪನ್ನೂ ಆಚೆ ಹಾಕ್ತಾರೆ. ನಿಮ್ಮನ್ನ ಊರಲ್ಲಿ ಯಾವ ಮದುವೆಗೂ ಕರೆಯಲ್ಲ." ಬೆರಳು ಮಡಚಿ ಮಡಚಿ ಹೇಳಿದಳು, ಒಂದನ್ನೂ ಬಿಡಲಿಲ್ಲ. "ಭಯ ಆಗ್ತಿದೆ ಅತ್ತೆ."

ನನಗೂ ಭಯವಾಗಿತ್ತು. ಭಯವಾದವರು ಹಿಂದೆ ಸರಿಯುತ್ತಾರೆ ಎಂದು ಆ ಬಾಟಿಕ್ ಅಂಗಿಯ ಮಹಾಶಯನಿಗೆ ಯಾರು ಹೇಳಿದರೋ.

ಹೊರಗೆ ಡೋಲು ಶುರುವಾಯಿತು. ಮೆರವಣಿಗೆಯ ಹೊತ್ತಾಗಿತ್ತು. ಡೋಲಿನವರು ಬಡಿದರು, ನಿಲ್ಲಿಸಿದರು, ಮತ್ತೆ ಬಡಿದರು. ಓಣಿಯ ಜನ ಸೇರತೊಡಗಿದರು. ಯಾರೋ ಓಡಿಹೋಗಿ ಹೇಳಿರಬೇಕು, ಶಾಫ್ನಿಲ್ ಬಂದು ಬಾಗಿಲು ಗುದ್ದಿದ.

"ಏನ್ ನಡೀತಿದೆ ಒಳಗೆ? ಮೇಡಮ್ಮೋರೇ! ಗಂಡಿನ ಕಡೆಗೆ ಹೋದ ದುಡ್ಡು ವಾಪಸ್ ಬರಲ್ಲ, ಗೊತ್ತಾ? ಲೆಕ್ಕ ಬರುತ್ತಲ್ಲ ನಿಮಗೆ! ಲೆಕ್ಕ ಹಾಕಿ!"

"ಹಾಕ್ದೆ ಬಾಗಿಂದೊ," ಎಂದು ಒಳಗಿನಿಂದಲೇ ಕೂಗಿದೆ. ಆ ಮನುಷ್ಯನಿಗೆ ನಾನು ದನಿ ಎತ್ತಿ ಉತ್ತರ ಕೊಟ್ಟದ್ದು ಅದೇ ಮೊದಲು. "ಹೂಡಿಕೆ ಮುಳುಗ್ತು. ಗಂಡಸರಿಗೆ ಅಪಾಯ ಅಂದ್ರೆ ಭಯ ಇಲ್ವಂತಲ್ಲ, ಇನ್ನೊಂದ್ಸಲ ಹೂಡಿ."

ಹೊರಗೆ ಯಾರೋ ನಕ್ಕರು, ಡೋಲಿನವನೇ ಇರಬೇಕು. ಶಾಫ್ನಿಲ್ ಬಾಗಿಲಿಗೆ ಒದ್ದ. ಅಣ್ಣ ಎದ್ದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತುಕೊಂಡ, ಒದೆತ ಬಿದ್ದಾಗಲೆಲ್ಲ ಅವನ ಮೈ ಅಲುಗುತ್ತಿತ್ತು.

ಆಗ ಹಿತ್ತಿಲ ಕಿಟಕಿಯನ್ನು ಯಾರೋ ಮೆಲ್ಲಗೆ ತಟ್ಟಿದರು. ತೆಗೆದರೆ ಅತ್ತಿಗೆ ಯುಸ್ನಿಮಾರ್. ಮುಸುಕು ಜಾರಿ ಅರ್ಧ ತಲೆ ಕಾಣುತ್ತಿತ್ತು. ಒಳಗೆ ಇಣುಕಿದಳು, ಮಗಳು ಇನ್ನೂ ಮನೆಬಟ್ಟೆಯಲ್ಲಿ ಮೇಜಿನ ಮುಂದೆ ಇರುವುದನ್ನು ಕಂಡಳು, ತೆರೆದಿದ್ದ ಲ್ಯಾಪ್‌ಟಾಪನ್ನೂ ಕಂಡಳು. ಬೊಬ್ಬೆ ಹಾಕುತ್ತಾಳೆ ಎಂದುಕೊಂಡೆ.

"ಊಟ ಮಾಡಿದ್ಲಾ?" ಎಂದು ಕೇಳಿದಳು.

"ಇಲ್ಲ."

ಸೆರಗಿನಡಿಯಿಂದ ಬಾಳೆ ಎಲೆಯ ಪೊಟ್ಟಣ ತೆಗೆದು ಸರಳುಗಳ ನಡುವೆ ತೂರಿಸಿದಳು. ಇನ್ನೂ ಬೆಚ್ಚಗಿತ್ತು. ನನ್ನ ಕಣ್ಣು ತುಂಬಿ ಬಂತು. ಒಂದು ಮಾತು ಬರುತ್ತದೆ, ಮಗಳು ಎರಡು ವರ್ಷ ಕಾದ ಆ ಒಂದು ಹೂಂ ಈಗ ಬರುತ್ತದೆ ಎಂದು ವಿಲ್ದಾಳೂ ಎದ್ದು ನಿಂತಳು.

"ಉಂಡ್ ಮೇಲೆ ಬೇಗ ಬಟ್ಟೆ ಉಡ್ಸು ನೆಲ್ವಿ," ಎಂದಳು ಯುಸ್ನಿಮಾರ್. "ತಮ್ಮ ಕಾಯ್ತಿದ್ದಾನೆ."

ವಿಲ್ದಾ ಅಮ್ಮನ ಮುಖವನ್ನೇ ನೋಡುತ್ತ ನಿಂತಳು. ಅಮ್ಮ ಅತ್ತ ತಿರುಗಿ ಮುಸುಕು ಸರಿಮಾಡಿಕೊಂಡು ಬಾಳೆಗಿಡಗಳ ಸಂದಿಯಲ್ಲಿ ಹೋದಳು. ನಾನು ಕಿಟಕಿ ಮುಚ್ಚಿದೆ. ವಿಲ್ದಾ ಪೊಟ್ಟಣ ಬಿಚ್ಚಿದಳು. ಅನ್ನ, ಮೀನು, ಹೋದ ವರ್ಷ ತಾನೇ ಅರೆದಿಟ್ಟ ಕೆಂಪು ಗೊಜ್ಜು. ಬಲಗೈಯಲ್ಲಿ ಒಂದು ತುತ್ತು ಕಲಸಿ ಬಾಯಿಗಿಟ್ಟು, ಅಗಿಯುತ್ತಲೇ ಎಡಗೈಯಿಂದ ಗುಂಡಿ ಒತ್ತಿದಳು.